ನಿಧಾನಕ್ಕೆ ಊಟ ಮಾಡುವವನು

ಮಧ್ಯಾಹ್ನದ ಊಟದ ಹೊತ್ತು. ಎದುರಿಗೆ ಇಬ್ಬರು ಸಹೋದ್ಯೋಗಿಗಳು, ಏನೋ ಹರಟೆ. ಮಾತಿನ ಭರದಲ್ಲಿ ಒಂದು ಮಾಂಸದ ತುಂಡನ್ನು ಸ್ವಲ್ಪ ಬೇಗ ನುಂಗಿಬಿಟ್ಟೆ. ಅದು ಕೆಳಗಿಳಿಯಲಿಲ್ಲ.

ಗಂಟಲಲ್ಲಿ ಸಿಕ್ಕಿಕೊಂಡಿದ್ದಲ್ಲ. ಅದಕ್ಕಿಂತ ಕೆಳಗೆ, ಎದೆಮೂಳೆಯ ಹಿಂದೆ. ಬೆರಳಿಟ್ಟು ತೋರಿಸಬಹುದಿತ್ತು, ಅಷ್ಟು ಸ್ಪಷ್ಟವಾದ ಜಾಗ. ನೆತ್ತಿಗೆ ಹತ್ತಿದ್ದೂ ಅಲ್ಲ. ಕೆಮ್ಮಿಲ್ಲ, ಉಸಿರಾಟ ಸಲೀಸು, ಮಾತೂ ಆಡಬಹುದು. ಹಾಗಾಗಿ ಯಾರಿಗೂ ಗಾಬರಿ ಆಗಲಿಲ್ಲ. "ನೀರು ಕುಡೀರಿ ಸಾರ್, ಇಳಿಯುತ್ತೆ" ಅಂದರು. ಕುಡಿದೆ. ಎರಡು ಸೆಕೆಂಡು ಆ ತುಂಡಿನ ಮೇಲೆ ನಿಂತ ನೀರು ಹಾಗೇ ವಾಪಸ್ ಬಂತು. ಕೈತೊಳೆಯುವ ಜಾಗಕ್ಕೆ ಓಡಿದೆ.

ಇಂಥದ್ದು ನನಗೆ ಹೊಸದಾಗಿರಲಿಲ್ಲ. ಯಾವಾಗಲೂ ಐದು ಹತ್ತು ನಿಮಿಷಕ್ಕೆ ತಾನಾಗಿ ಇಳಿದುಹೋಗುತ್ತಿತ್ತು. ಆವತ್ತು ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಎಂಜಲು ಕೂಡ ಇಳಿಯುತ್ತಿಲ್ಲ. ಮನುಷ್ಯ ಸುಮ್ನೆ ಕೂತಾಗಲೂ ಎಷ್ಟು ಎಂಜಲು ನುಂಗುತ್ತಾನೆ ಅಂತ ನನಗೆ ಗೊತ್ತಾಗಿದ್ದು ಆವತ್ತೇ. ಕ್ಷಣಕ್ಕೊಮ್ಮೆ ಬಾಯಿ ತುಂಬುತ್ತೆ. ಒಂದು ಕಾಗದದ ಲೋಟ ಹಿಡಿದುಕೊಂಡು ಅದಕ್ಕೆ ಉಗುಳುತ್ತಾ ಕೂತಿದ್ದೆ. ಮೂರು ಗಂಟೆಗೆ ಮೀಟಿಂಗ್ ಇತ್ತು. ಲೋಟ ಹಿಡಿದುಕೊಂಡೇ ಹೋಗಿಬಿಡೋಣವಾ ಅಂತ ಯೋಚನೆ ಬೇರೆ. ತಲೆ ಕೆಟ್ಟಿತ್ತು ಅನ್ನಿ.

ಒಬ್ಬರು ಬ್ರೆಡ್ ತಿನ್ನಿ, ಅದು ತಳ್ಳಿಕೊಂಡು ಹೋಗುತ್ತೆ ಅಂದರು. ಪುಣ್ಯಕ್ಕೆ ತಿನ್ನಲಿಲ್ಲ. ಆಮೇಲೆ ಎಮರ್ಜೆನ್ಸಿಯಲ್ಲಿದ್ದ ಡಾಕ್ಟರು ಮೊದಲು ಕೇಳಿದ್ದೇ ಅದು: "ತಳ್ಳೋಕೆ ಏನಾದ್ರೂ ತಿಂದ್ರಾ?" ಅಡ್ಡ ಬಿದ್ದ ತುಂಡಿನ ಮೇಲೆ ಇನ್ನೊಂದು ತುಂಡು ಕೂತರೆ ತೆಗೆಯುವವರಿಗೂ ಕಷ್ಟ, ಒಳಗೂ ಅಪಾಯ. ಎಂಜಲೂ ಇಳಿಯದೇ ಇದ್ದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಕೆಲವೇ ಗಂಟೆಗಳೊಳಗೆ ತೆಗೆಯಬೇಕು. ಇದನ್ನು ನಾನು ಹೋಗಿ ಕಲಿತೆ. ನೀವು ಓದಿ ಕಲಿತರೆ ಸಾಕು.

ಎಂಡೋಸ್ಕೋಪಿಯಲ್ಲಿ ತುಂಡು ಹೊರಗೆ ಬಂತು. "ಚೆನ್ನಾಗಿ ಅಗಿದು ತಿನ್ನಿ" ಅಂತ ಹೇಳಿ ಕಳಿಸಿದರು.

ತಮಾಷೆ ಅಂದ್ರೆ, ನನ್ನಷ್ಟು ಅಗಿದು ತಿನ್ನುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಚಿಕ್ಕಂದಿನಿಂದ ನಾನು "ನಿಧಾನದವನು". ತಮ್ಮ ಊಟ ಮುಗಿಸಿ ಆಟ ಆಡಿ ವಾಪಸ್ ಬಂದರೂ ನನ್ನ ತಟ್ಟೆಯಲ್ಲಿ ಅರ್ಧ ಇರುತ್ತಿತ್ತು. "ಇನ್ನೂ ಮುಗೀಲಿಲ್ವೇನೋ?" ಅಂತ ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು. ಬೇರೆಯವರ ಮುಂದೆ ಮಾತ್ರ ಅದೇ ಗುಣವಾಗಿಬಿಡುತ್ತಿತ್ತು: ನಮ್ಮ ದೊಡ್ಡವನು ನೋಡಿ, ಎಷ್ಟು ಚೆನ್ನಾಗಿ ಅಗಿದು ತಿಂತಾನೆ. ಮೂವತ್ತೇಳು ವರ್ಷ ಇದನ್ನು ನನ್ನ ಸ್ವಭಾವ ಅಂದುಕೊಂಡೇ ಬದುಕಿದ್ದೆ.

ಮೂರು ವರ್ಷದ ಹಿಂದೆ ಒಮ್ಮೆ ತೋರಿಸಿದ್ದೆ. ಆಗಲೂ ಎಂಡೋಸ್ಕೋಪಿ ಆಗಿತ್ತು. ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಬರೆದಿತ್ತು. ಗ್ಯಾಸು, ಆ್ಯಸಿಡಿಟಿ ಅಂತ ಒಂದು ತಿಂಗಳ ಮಾತ್ರೆ ಕೊಟ್ಟರು. ಕೆಲಸದ ಒತ್ತಡ ಕಮ್ಮಿ ಮಾಡ್ಕೊಳ್ಳಿ ಅಂದರು. ಕ್ಯಾಮೆರಾ ಹಾಕಿ ನೋಡಿದ್ದಾರೆ, ಏನೂ ಇಲ್ಲ ಅಂದ ಮೇಲೆ ಮುಗೀತಲ್ವಾ? ಬಯಾಪ್ಸಿ, ಅಂದರೆ ಪರೀಕ್ಷೆಗೆ ಒಳಗೋಡೆಯ ಚೂರು, ತೆಗೆದಿರಲಿಲ್ಲ. ಅದು ದೊಡ್ಡ ಲೋಪ ಅಂತ ಆಗ ನನಗೆ ಗೊತ್ತೂ ಇರಲಿಲ್ಲ.

ತುಂಡು ಸಿಕ್ಕಿಕೊಂಡ ಮೇಲೆ ಹೆಂಡತಿ ಬಿಡಲಿಲ್ಲ. ಬೇರೆ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಐವತ್ತರ ಆಸುಪಾಸಿನ ಹೆಂಗಸು, ಮಾತು ಕಮ್ಮಿ. ಹೊಟ್ಟೆ ಮುಟ್ಟಿ ನೋಡಲಿಲ್ಲ, ಹಳೇ ರಿಪೋರ್ಟೂ ಕೇಳಲಿಲ್ಲ. ಅವರ ಮೊದಲ ಪ್ರಶ್ನೆ: "ಒಂದು ಊಟಕ್ಕೆ ನಿಮಗೆ ಎಷ್ಟು ಹೊತ್ತು ಬೇಕು?"

"ಇಪ್ಪತ್ತು ನಿಮಿಷ" ಅಂದೆ.

"ರೀ, ಸುಳ್ಳು ಹೇಳ್ಬೇಡಿ" ಅಂದಳು ಹೆಂಡತಿ. "ಮುಕ್ಕಾಲು ಗಂಟೆ ಡಾಕ್ಟ್ರೇ."

"ಊಟದ ಜೊತೆ ನೀರು?"

"ಎಲ್ಲರ ಹಾಗೇ." ಹೆಂಡತಿಯ ಮುಖ ನೋಡಿ ತಿದ್ದಿಕೊಂಡೆ. "ಮೂರು ಲೋಟ. ತುತ್ತಿಗೊಂದು ಗುಟುಕು."

"ಒಣ ಬ್ರೆಡ್, ಗಟ್ಟಿ ಮಾಂಸ ಇವೆಲ್ಲ ತಿಂತೀರಾ?"

"ಅಷ್ಟೊಂದು ಇಷ್ಟ ಇಲ್ಲ."

"ಯಾವಾಗಿಂದ ಇಷ್ಟ ಇಲ್ಲ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಲೇಜಿನಲ್ಲಿ ಇಷ್ಟವಿತ್ತು. ಆಮೇಲೆ ಯಾವಾಗ ಬಿಟ್ಟೆ? ಬಿಟ್ಟೆ ಅಂತಲೂ ಅನ್ನಿಸಿರಲಿಲ್ಲ, ತಟ್ಟೆಯಿಂದ ತಾವಾಗಿ ಮಾಯವಾಗಿದ್ದವು. ದೊಡ್ಡ ಮಾತ್ರೆಗಳನ್ನು ಮುರಿದು ನುಂಗುತ್ತೇನೆ ಅಂತಲೂ ಹೆಂಡತಿಯೇ ಹೇಳಿದಳು. ಹೋಟೆಲಿಗೆ ಹೋದರೆ ಬಾತ್‌ರೂಮ್ ಹತ್ತಿರದ ಮೇಜೇ ಬೇಕು ಅಂತೀನಿ ಅಂತ ಸೇರಿಸಿದಳು. ಅದನ್ನು ಅವಳು ಗಮನಿಸಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಸಿಕ್ಕಿಕೊಂಡರೆ ಎದ್ದು ಓಡೋಕೆ ಸುಲಭ, ಅದಕ್ಕೆ.

ಡಾಕ್ಟರು ಎಲ್ಲವನ್ನೂ ಬರೆದುಕೊಂಡು ಹೇಳಿದರು: "ಈ ಕಾಯಿಲೆ ಇರೋರನ್ನ ನುಂಗೋಕೆ ಕಷ್ಟ ಆಗುತ್ತಾ ಅಂತ ಕೇಳಿದ್ರೆ ಇಲ್ಲ ಅಂತಾರೆ. ಕಷ್ಟ ಆಗದ ಹಾಗೆ ತಿನ್ನೋದನ್ನ ಅಷ್ಟು ಚೆನ್ನಾಗಿ ಕಲ್ತಿರ್ತಾರೆ." ನೆಗಡಿ, ಸೀನು, ಉಬ್ಬಸ, ಚರ್ಮದ ತುರಿಕೆ ಇದೆಯಾ ಅಂತಲೂ ಕೇಳಿದರು. ಬೆಳಿಗ್ಗೆ ಎದ್ದ ಕೂಡಲೇ ಹತ್ತು ಸೀನು ಬರೋದು ನನಗೆ ಮಾಮೂಲಿ. ನುಂಗೋದಕ್ಕೂ ಸೀನಿಗೂ ಏನು ಸಂಬಂಧ ಅಂತ ಮನಸ್ಸಿನಲ್ಲೇ ನಕ್ಕೆ.

ಮತ್ತೆ ಎಂಡೋಸ್ಕೋಪಿ. ಈ ಸಲ ಆರು ಬಯಾಪ್ಸಿ, ಅನ್ನನಾಳದ ಕೆಳಭಾಗದಿಂದ ಮೂರು, ಮೇಲ್ಭಾಗದಿಂದ ಮೂರು. ಉರಿಯೂತ ಒಂದೇ ಸಮ ಹರಡಿರೋದಿಲ್ಲವಂತೆ, ಅಲ್ಲೊಂದು ಇಲ್ಲೊಂದು ತೇಪೆ ಹಾಕಿದ ಹಾಗಿರುತ್ತೆ. ಒಂದೇ ಕಡೆಯಿಂದ ಒಂದು ಚೂರು ತೆಗೆದರೆ ಕಾಯಿಲೆ ತಪ್ಪಿಸಿಕೊಳ್ಳಬಹುದು. ನೋವಾಗುತ್ತಾ ಅಂತ ಕೇಳುವವರಿಗೆ: ಇಲ್ಲ. ಗಂಟಲಿಗೆ ಕಹಿ ಸ್ಪ್ರೇ, ಹಲ್ಲಿನ ನಡುವೆ ಒಂದು ಪ್ಲಾಸ್ಟಿಕ್ ಬಳೆ, ಕೈಗೆ ಇಂಜೆಕ್ಷನ್. ಅಲ್ಲಿಂದ ಮುಂದೆ ನನಗೆ ನೆನಪಿರುವುದು ಹೊದಿಕೆಯ ಬಣ್ಣ ಮಾತ್ರ.

ಎದ್ದ ಮೇಲೆ ಫೋಟೋ ತೋರಿಸಿದರು. ಅನ್ನನಾಳ ಅಂದರೆ ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತಗಿನ ಕೊಳವೆ. ಒಳಗೋಡೆ ನುಣ್ಣಗೆ, ಹೊಳಪಾಗಿ, ತೆಳು ಗುಲಾಬಿ ಬಣ್ಣಕ್ಕೆ ಇರಬೇಕು. ನನ್ನದರಲ್ಲಿ ಬಳೆ ಬಳೆಯಾಗಿ ಸುತ್ತು ಬಿದ್ದಿತ್ತು, ಥೇಟು ಶ್ವಾಸನಾಳದ ಹಾಗೆ. ಉದ್ದಕ್ಕೆ ನೇಗಿಲು ಹೊಡೆದ ಹಾಗೆ ಗೆರೆಗಳು. ಅಲ್ಲಲ್ಲಿ ಬಿಳಿ ಚುಕ್ಕೆ. ಮೂರು ವರ್ಷದ ಹಿಂದೆ ಇವು ಇಷ್ಟು ಎದ್ದು ಕಾಣದೇ ಇದ್ದಿರಬಹುದು. ಕಣ್ಣಿಗೆ ಏನೂ ಕಾಣದೇ ಇದ್ದರೂ ಬಯಾಪ್ಸಿಯಲ್ಲಿ ಸಿಗುವವರಿದ್ದಾರೆ.

ವಾರದ ಮೇಲೆ ರಿಪೋರ್ಟ್ ಬಂತು. ಇಯೊಸಿನೊಫಿಲಿಕ್ ಈಸೊಫೆಜೈಟಿಸ್. ಹೆಸರನ್ನೇ ನುಂಗೋಕೆ ಆಗಲ್ಲ! ಚಿಕ್ಕದಾಗಿ ಇಒಇ ಅಂತಾರೆ.

ಇಯೊಸಿನೊಫಿಲ್ ಅನ್ನೋದು ಒಂದು ಜಾತಿಯ ಬಿಳಿ ರಕ್ತಕಣ. ಇಯೊಸಿನ್ ಅನ್ನುವ ಗುಲಾಬಿ ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತೆ, ಅದಕ್ಕೇ ಆ ಹೆಸರು. 1879ರಲ್ಲಿ ಪಾಲ್ ಎರ್ಲಿಕ್ ಇಟ್ಟಿದ್ದು. ಇಯೊಸ್ ಅಂದರೆ ಗ್ರೀಕರ ಮುಂಜಾವಿನ ದೇವತೆ, ನಮ್ಮ ಉಷೆ ಇದ್ದ ಹಾಗೆ. ಎಂಥಾ ಚಂದದ ಹೆಸರು, ಮಾಡೋದು ಮಾತ್ರ ಇಂಥಾ ಕೆಲಸ. ಜಂತುಹುಳು, ಅಲರ್ಜಿ ಇವುಗಳ ಸುತ್ತ ಓಡಾಡುವ ಕಣ ಇದು. ಜಠರದಲ್ಲಿ, ಕರುಳಿನಲ್ಲಿ ಇರೋದು ಸಹಜ. ಅನ್ನನಾಳದಲ್ಲಿ ಮಾತ್ರ ಇದಕ್ಕೆ ಕೆಲಸವಿಲ್ಲ. ಮೈಕ್ರೋಸ್ಕೋಪಿನಲ್ಲಿ ದೊಡ್ಡದು ಮಾಡಿ ನೋಡುವ ಒಂದು ವೃತ್ತದಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಕಂಡರೆ, ಬೇರೆ ಕಾರಣ ಇಲ್ಲದಿದ್ದರೆ, ಅದು ಇಒಇ. ನನ್ನ ರಿಪೋರ್ಟಿನಲ್ಲಿ 52 ಇತ್ತು.

ಆಗ ಸೀನಿನ ಪ್ರಶ್ನೆ ಅರ್ಥವಾಯಿತು. ಇದು ಅಲರ್ಜಿಯ ದಾಯಾದಿ. ತಿನ್ನುವ ಯಾವುದೋ ಪದಾರ್ಥದ ಮೇಲೆ ದೇಹ ಸಿಟ್ಟು ಮಾಡಿಕೊಳ್ಳುತ್ತೆ. ಆದರೆ ತಿಂದ ಕೂಡಲೇ ಮೈಮೇಲೆ ದದ್ದು ಏಳುವ, ತುಟಿ ಊದುವ ಅಲರ್ಜಿ ಅಲ್ಲ. ನಿಧಾನಕ್ಕೆ, ದಿನಗಟ್ಟಲೆ, ಒಳಗೊಳಗೇ ಬೇಯುವ ಸಿಟ್ಟು. ಇವತ್ತು ತಿಂದಿದ್ದಕ್ಕೆ ಇವತ್ತೇ ತೊಂದರೆ ಕಾಣಿಸೋದಿಲ್ಲ. ಹಾಗಾಗಿ ಯಾವುದು ಕಾರಣ ಅಂತ ಯಾರಿಗೂ ತಾನಾಗಿ ಹೊಳೆಯೋದೂ ಇಲ್ಲ.

ಈ ಕಾಯಿಲೆಯನ್ನು ಬೇರೆಯೇ ಕಾಯಿಲೆ ಅಂತ ಗುರುತಿಸಿದ್ದು 1993-94ರಲ್ಲಿ. ಅದಕ್ಕೆ ಮುಂಚೆ ಇಂಥ ಕಣಗಳು ಕಂಡರೆ ಆ್ಯಸಿಡ್ ಮೇಲೆ ಬಂದು ಸುಟ್ಟಿರಬೇಕು ಅಂದುಕೊಳ್ಳುತ್ತಿದ್ದರು. 1995ರಲ್ಲಿ ಅಮೆರಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಮಾಮೂಲಿ ಪ್ರೋಟೀನ್ ಪೂರ್ತಿ ನಿಲ್ಲಿಸಿ, ಬರೀ ಅಮೈನೋ ಆಮ್ಲದ ಪಾನೀಯ ಕೊಟ್ಟರು. ಎಂಟು ಮಕ್ಕಳು ಪೂರ್ತಿ ಗುಣವಾದರು, ಇನ್ನಿಬ್ಬರು ಸುಧಾರಿಸಿಕೊಂಡರು. ಆಹಾರ ವಾಪಸ್ ಕೊಟ್ಟಾಗ ತೊಂದರೆಯೂ ವಾಪಸ್ ಬಂತು. ಇದಕ್ಕೆ ಊಟವೇ ಕಾರಣ ಅಂತ ಗಟ್ಟಿಯಾಗಿದ್ದು ಹಾಗೆ. ಆಗ ನಾನು ಸ್ಕೂಲಿನಲ್ಲಿ ಡಬ್ಬಿ ಮುಗಿಸಲಾರದೆ ಬೈಸಿಕೊಳ್ಳುತ್ತಿದ್ದೆ.

ನನ್ನನ್ನು ನಿಜವಾಗಿ ಹೆದರಿಸಿದ್ದು ಇನ್ನೊಂದು ಲೆಕ್ಕ. ಸ್ವಿಟ್ಜರ್ಲೆಂಡಿನಲ್ಲಿ 200 ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ್ದು. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಕಾಯಿಲೆ ಪತ್ತೆಯಾದವರಲ್ಲಿ ಸುಮಾರು 17 ಶೇಕಡಾ ಜನಕ್ಕೆ ಅನ್ನನಾಳ ಕಿರಿದಾಗಿತ್ತು. ಪತ್ತೆಯಾಗೋಕೆ ಇಪ್ಪತ್ತು ವರ್ಷ ದಾಟಿದವರಲ್ಲಿ ಅದು ಸುಮಾರು 71 ಶೇಕಡಾ. ಉರಿಯೂತ ಸುಮ್ನೆ ಕೂರೋದಿಲ್ಲ. ಗಾಯ ಒಣಗಿದ ಕಡೆ ಚರ್ಮ ಬಿಗಿಯಾಗುತ್ತಲ್ಲ, ಹಾಗೆ ಕೊಳವೆಯೂ ಬಿಗಿಯಾಗುತ್ತಾ ಹೋಗುತ್ತೆ. ನನ್ನದು ಇಪ್ಪತ್ತು ವರ್ಷ ಎಂದೋ ದಾಟಿತ್ತು. ಒಂದು ಕಡೆ ಕೊಳವೆ ಹತ್ತಿರ ಹತ್ತಿರ 11 ಮಿಲಿಮೀಟರಿಗೆ ಇಳಿದಿತ್ತು. 13ಕ್ಕಿಂತ ಕಮ್ಮಿಯಾದರೆ ಗಟ್ಟಿ ಆಹಾರ ಸಿಕ್ಕಿಕೊಳ್ಳೋದು ಖಾತ್ರಿ ಅಂದರು ಡಾಕ್ಟರು. ಕ್ಯಾನ್ಸರಾ ಅಂತ ಕೇಳಿದೆ. ಅಲ್ಲ, ಇದಕ್ಕೂ ಅದಕ್ಕೂ ನಂಟು ಕಂಡುಬಂದಿಲ್ಲ ಅಂದರು. ವಾಸಿಯಾಗುತ್ತಾ ಅಂದೆ. "ಹತೋಟಿಗೆ ಬರುತ್ತೆ" ಅಂದರು. ಎರಡೂ ಬೇರೆ ಬೇರೆ ಮಾತು ಅಂತ ಗೊತ್ತಾಗೋಕೆ ನನಗೆ ಇನ್ನೊಂದು ವರ್ಷ ಬೇಕಾಯಿತು.

ಮೊದಲು ಕೊಟ್ಟಿದ್ದು ಮತ್ತೆ ಆ್ಯಸಿಡಿಟಿ ಮಾತ್ರೆಯೇ. ದಿನಕ್ಕೆ ಎರಡು ಸಲ, ಎಂಟು ವಾರ. ನನಗೆ ಸಿಟ್ಟು ಬಂತು, ಮೂರು ವರ್ಷದ ಹಿಂದೆಯೂ ಇದೇ ತಾನೇ ಕೊಟ್ಟಿದ್ದು! ಆದರೆ ಈ ಮಾತ್ರೆ ಆ್ಯಸಿಡ್ ತಗ್ಗಿಸೋದರ ಜೊತೆಗೆ ಈ ಉರಿಯೂತವನ್ನೂ ಶಮನ ಮಾಡುತ್ತಂತೆ, ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದೊಂದೇ ಸಾಕಾಗುತ್ತಂತೆ. ವ್ಯತ್ಯಾಸ ಏನಪ್ಪಾ ಅಂದರೆ, ಈ ಸಲ ಎಂಟು ವಾರದ ಮೇಲೆ ಮತ್ತೆ ಬಯಾಪ್ಸಿ ಮಾಡಿ ಆ ಕಣಗಳ ಲೆಕ್ಕ ಹಾಕಿದರು. 41. ನಾನು ಆ ಇನ್ನರ್ಧದಲ್ಲಿದ್ದೆ.

ಮುಂದಿನದು ಸ್ಟೀರಾಯ್ಡ್. ಮಾತ್ರೆಯಲ್ಲ, ಇಂಜೆಕ್ಷನ್ನೂ ಅಲ್ಲ. ಉಬ್ಬಸದವರು ನೆಬ್ಯುಲೈಜರ್‌ಗೆ ಹಾಕಿ ಉಸಿರಿನಲ್ಲಿ ಎಳೆದುಕೊಳ್ಳುತ್ತಾರಲ್ಲ, ಬ್ಯುಡೆಸೊನೈಡ್, ಅದನ್ನೇ ನುಂಗೋದು. ಔಷಧಿ ಅಂಗಡಿಯವರು ಚೀಟಿ ನೋಡಿ, "ಇದು ಕುಡಿಯೋದಲ್ಲ ಸಾರ್, ಮಷೀನಿಗೆ ಹಾಕೋದು" ಅಂತ ವಾದಕ್ಕೇ ನಿಂತರು. ಅವರ ತಪ್ಪೇನಿಲ್ಲ ಬಿಡಿ.

ರಾತ್ರಿ ಹಲ್ಲುಜ್ಜಿ, ಎಲ್ಲಾ ಕೆಲಸ ಮುಗಿಸಿ, ಅಡುಗೆಮನೆಯ ಕಟ್ಟೆ ಮುಂದೆ ನಿಲ್ಲುತ್ತಿದ್ದೆ. ಬೆರಳುದ್ದದ ಪುಟ್ಟ ಪ್ಲಾಸ್ಟಿಕ್ ಕೊಳವೆ, ತುದಿ ತಿರುಚಿ ಮುರಿದರೆ ಒಳಗೆ ಮಾಸಲು ಬಿಳಿ ನೀರು. ಬಟ್ಟಲಿಗೆ ಹಿಂಡಿ, ಒಂದೆರಡು ಚಮಚ ಜೇನುತುಪ್ಪ ಹಾಕಿ ಕಲಸಬೇಕು. ನೀರಾಗಿದ್ದರೆ ಸರ್ರನೆ ಹೊಟ್ಟೆಗೆ ಇಳಿದುಬಿಡುತ್ತೆ. ಅಂಟಂಟಾಗಿ ನಿಧಾನಕ್ಕೆ ಇಳಿದರೆ ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತೆ, ಮುಲಾಮು ಹಚ್ಚಿದ ಹಾಗೆ. ನುಂಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಬೂಷ್ಟಿನಂಥ ಸೋಂಕು ಆಗಬಹುದು. ಆಮೇಲೆ ಅರ್ಧ ಗಂಟೆ ನೀರೂ ಮುಟ್ಟಬಾರದು. ಊಟದ ಜೊತೆ ಮೂರು ಲೋಟ ಕುಡಿಯುತ್ತಿದ್ದ ನನಗೆ ಆ ಅರ್ಧ ಗಂಟೆ ಬಾಯಾರಿದಷ್ಟು ಯಾವತ್ತೂ ಬಾಯಾರಿಲ್ಲ.

ಇದರ ಜೊತೆಗೇ ಕಿರಿದಾದ ಜಾಗವನ್ನು ಬಲೂನ್ ಹಾಕಿ ಹಿಗ್ಗಿಸಿದರು. ಒಂದೇ ಸಲಕ್ಕಲ್ಲ, ಕೆಲವು ವಾರ ಬಿಟ್ಟು ಎರಡು ಸಲ. 15 ಮಿಲಿಮೀಟರಿಗೆ ಬಂತು. ಎರಡು ದಿನ ಎದೆ ನೋವು ಚೆನ್ನಾಗಿಯೇ ಇತ್ತು. ಹೀಗೆ ಹಿಗ್ಗಿಸಿದರೆ ದಾರಿ ಅಗಲವಾಗುತ್ತೆ ಅಷ್ಟೇ, ಉರಿಯೂತ ಇದ್ದ ಹಾಗೇ ಇರುತ್ತೆ ಅಂತ ಡಾಕ್ಟರು ಎರಡೆರಡು ಸಲ ಹೇಳಿದ್ದರು. ನಾನು ತಲೆ ಆಡಿಸಿದ್ದೆ. ಕೇಳಿಸಿಕೊಂಡಿರಲಿಲ್ಲ.

ಮೂರು ತಿಂಗಳಿಗೆ ಲೆಕ್ಕ 4ಕ್ಕೆ ಇಳಿಯಿತು. ಆ ಸುಖ ಹೇಗೆ ಹೇಳಲಿ! ಇಪ್ಪತ್ತು ನಿಮಿಷದಲ್ಲಿ ಊಟ. ಒಣ ಬ್ರೆಡ್ ತಿಂದೆ, ನೀರಿಲ್ಲದೆ, ಬೇಕೂಂತಲೇ. ಕಾಯಿಲೆ ಹೋಯಿತು ಅಂದುಕೊಂಡೆ. ಒಂದು ಪ್ರವಾಸದಲ್ಲಿ ಔಷಧಿ ತಪ್ಪಿತು, ವಾಪಸ್ ಬಂದ ಮೇಲೆ ಮತ್ತೆ ಶುರು ಮಾಡಲಿಲ್ಲ. ಹೆಂಡತಿ ಕೇಳಿದರೆ "ತಗೊಂಡೆ" ಅನ್ನುತ್ತಿದ್ದೆ. ನಾಲ್ಕು ತಿಂಗಳು ಏನೂ ಆಗಲಿಲ್ಲ. ಚೆನ್ನಾಗಿ ತಿನ್ನುತ್ತಿದ್ದೆ. ಮುಂದಿನ ಎಂಡೋಸ್ಕೋಪಿಗೆ ಜಂಬದಿಂದಲೇ ಹೋದೆ.

38.

"ಆದ್ರೆ ನನಗೇನೂ ತೊಂದ್ರೆ ಇಲ್ವಲ್ಲ ಡಾಕ್ಟ್ರೇ?" ಅಂದೆ. ಅವರು ಬೈಯಲಿಲ್ಲ. ಫೋಟೋ ನನ್ನ ಕಡೆ ತಿರುಗಿಸಿದರು. ಬಳೆಗಳು ವಾಪಸ್ ಬಂದಿದ್ದವು. ದಾರಿ ಅಗಲವಾಗಿದ್ದರಿಂದ ತುತ್ತು ಇಳಿಯುತ್ತಿತ್ತು, ಅಷ್ಟೇ. ಒಳಗೆ ಬೆಂಕಿ ಉರಿಯುತ್ತಲೇ ಇತ್ತು. ಈ ಕಾಯಿಲೆಯಲ್ಲಿ ನಮಗೆ ಹೇಗನ್ನಿಸುತ್ತೆ ಅನ್ನೋದು ಒಂದು, ಒಳಗೆ ಹೇಗಿದೆ ಅನ್ನೋದು ಇನ್ನೊಂದು. ಎರಡೂ ಜೊತೆಜೊತೆಗೇ ಹೋಗಬೇಕು ಅಂತೇನಿಲ್ಲ. ಬಯಾಪ್ಸಿ ಬಿಟ್ಟರೆ ಗೊತ್ತಾಗೋ ದಾರಿಯೂ ಇಲ್ಲ. ಮೂವತ್ತೇಳು ವರ್ಷ ನನ್ನನ್ನು ನಾನೇ ಏಮಾರಿಸಿಕೊಂಡಿದ್ದೆ. ಮತ್ತೆ ಅದನ್ನೇ ಮಾಡಿದ್ದೆ.

ವಾಪಸ್ ಹೋಗುವಾಗ ಹೆಂಡತಿ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ.

ರಾತ್ರಿ ರಾತ್ರಿ ಔಷಧಿ ಕಲಸುವ ಶಿಸ್ತು ನನಗಿಲ್ಲ ಅಂತ ಒಪ್ಪಿಕೊಂಡೆ. ಇನ್ನೊಂದು ದಾರಿ ಆಹಾರ ಬಿಡೋದು. ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ-ಗೋಡಂಬಿಯಂಥ ಬೀಜಗಳು, ಮೀನು-ಸಿಗಡಿ. ಈ ಆರನ್ನೂ ಒಟ್ಟಿಗೆ ಬಿಟ್ಟು, ಆಮೇಲೆ ಒಂದೊಂದಾಗಿ ವಾಪಸ್ ಸೇರಿಸುತ್ತಾ, ಪ್ರತಿ ಸಲ ಬಯಾಪ್ಸಿ ಮಾಡಿ ಕಳ್ಳನನ್ನು ಹಿಡಿಯುವುದು ಹಳೇ ಕ್ರಮ. ಪಟ್ಟಿ ನೋಡಿ ನನಗೆ ತಲೆ ತಿರುಗಿತು. ಚರ್ಮಕ್ಕೆ ಚುಚ್ಚಿ ಅಲರ್ಜಿ ನೋಡ್ತಾರಲ್ಲ, ಅದರಲ್ಲಿ ಗೊತ್ತಾಗಲ್ವಾ ಅಂತ ಕೇಳಿದೆ. ಇದು ಆ ಜಾತಿಯ ಅಲರ್ಜಿ ಅಲ್ಲವಾದ್ದರಿಂದ ಆ ಪರೀಕ್ಷೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲವಂತೆ.

ಆದರೆ ಈಚೆಗೆ ಕೆಲಸ ಸ್ವಲ್ಪ ಹಗುರಾಗಿದೆ. 2023ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ 129 ಜನ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ಪದಾರ್ಥ, ಇನ್ನೊಂದಕ್ಕೆ ಹಾಲು ಮಾತ್ರ ಆರು ವಾರ ಬಿಡಿಸಿದರು. ಆರು ಬಿಟ್ಟವರಲ್ಲಿ 40 ಶೇಕಡಾ, ಹಾಲೊಂದನ್ನೇ ಬಿಟ್ಟವರಲ್ಲಿ 34 ಶೇಕಡಾ ಜನಕ್ಕೆ ಉರಿಯೂತ ತಗ್ಗಿತು. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಹಾಗಾದ್ರೆ ಹಾಲಿನಿಂದಲೇ ಶುರು ಮಾಡೋಣ ಅಂದರು ಡಾಕ್ಟರು.

ಹಾಲು ಬಿಡೋದು ಅಂದರೆ ಲೋಟದ ಹಾಲು ಬಿಡೋದಲ್ಲ. ಮೊಸರು, ಬೆಣ್ಣೆ, ಚೀಸ್ ಎಲ್ಲಾ. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಲಿನ ಪುಡಿ, ವೇ, ಕೇಸೀನ್ ಅಂತ ಅಡಗಿ ಕೂತಿರುತ್ತಲ್ಲ, ಅದು ಕೂಡ. ಮೊದಲ ವಾರವೇ ಬಿಸ್ಕತ್ತಿನಲ್ಲಿ ಏಮಾರಿದೆ. ಲ್ಯಾಕ್ಟೋಸ್ ಇಲ್ಲದ ಹಾಲು ಕುಡೀಬಹುದಲ್ವಾ ಅಂತ ಎಷ್ಟೋ ಜನ ಕೇಳಿದರು. ಕುಡಿಯುವ ಹಾಗಿಲ್ಲ. ಲ್ಯಾಕ್ಟೋಸ್ ಹಾಲಿನ ಸಕ್ಕರೆ, ನನ್ನ ಜಗಳ ಹಾಲಿನ ಪ್ರೋಟೀನ್ ಜೊತೆ.

ಎಂಟು ವಾರದ ಮೇಲೆ, ಯಾವ ಔಷಧಿಯೂ ಇಲ್ಲದೆ, ಲೆಕ್ಕ 9. ಇದು ನನ್ನ ಅದೃಷ್ಟ. ಹಾಲು ಬಿಟ್ಟರೂ ಇಳಿಯದವರೇ ಜಾಸ್ತಿ. ಅವರಿಗೆ ಈಗ ಬೇರೆ ದಾರಿಗಳಿವೆ. ಬ್ಯುಡೆಸೊನೈಡಿನದೇ ಬಾಯಲ್ಲಿ ಕರಗುವ ಮಾತ್ರೆಗೆ ಯುರೋಪಿನಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿದೆ. ಡುಪಿಲುಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಈಗಲೂ ಊಟಕ್ಕೆ ಕೂತರೆ ಎಡಗೈ ಮೊದಲು ನೀರಿನ ಲೋಟ ಹುಡುಕುತ್ತೆ. ಅಭ್ಯಾಸ.

ಹೋದ ವಾರ ತಮ್ಮನಿಗೆ ಫೋನ್ ಮಾಡಿದ್ದೆ. ಈ ಕಾಯಿಲೆ ಒಡಹುಟ್ಟಿದವರಲ್ಲಿ, ಮನೆತನದಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ ಅಂತ ಡಾಕ್ಟರು ಹೇಳಿದ್ದರು, ಅದನ್ನು ಹೇಳೋಣ ಅಂತ. ತಮ್ಮನಿಗೆ ಏನೂ ಇಲ್ಲ, ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡುವವನು. ಒಂಬತ್ತು ವರ್ಷದ ಅವನ ಮಗನ ಬಗ್ಗೆ ಕೇಳಿದೆ. ಹಿಂದೆ ಅವನ ಮಾತು ಕೇಳಿಸುತ್ತಿತ್ತು, ನೀರು ಬೇಕು ಅಂತಿದ್ದ.

"ಅವನಾ?" ಅಂತ ತಮ್ಮ ನಕ್ಕ. "ಊಟಕ್ಕೆ ಕೂತು ಒಂದು ಗಂಟೆ ಆಯ್ತು ಅಣ್ಣ. ಥೇಟ್ ನಿನ್ನ ಹಾಗೇ, ಬಲು ನಿಧಾನ."